ಶುಕ್ರವಾರದ ಹಿಡಿ ಅಕ್ಕಿ

ಗದಿಗೆಮ್ಮನ ಮನೆಯಲ್ಲಿ ಅಕ್ಕಿಗೆ ಎರಡು ಡಬ್ಬಿಗಳು. ದೊಡ್ಡದು ಮನೆಯದು, ಸಣ್ಣದು ಮನೆಯದಲ್ಲ. ದಿನವೂ ಅನ್ನಕ್ಕಿಡುವ ಮೊದಲು ದೊಡ್ಡ ಡಬ್ಬಿಯಿಂದ ಒಂದು ಹಿಡಿ ತೆಗೆಯುತ್ತಾಳೆ. ಮುಷ್ಟಿ ಬಿಗಿಹಿಡಿದು ಯಾರದಾದರೂ ಒಬ್ಬರ ಹೆಸರು ಹೇಳಿ, ಅವರಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡು, ಆ ಹಿಡಿಯನ್ನು ಸಣ್ಣ ಡಬ್ಬಿಗೆ ಹಾಕುತ್ತಾಳೆ. ಭಾನುವಾರ ಪ್ರಾರ್ಥನೆಯ ಸಭೆ ಮುಗಿದ ಮೇಲೆ ಆ ಅಕ್ಕಿ, ಯಾರ ಮನೆಯ ಒಲೆ ತಣ್ಣಗಿದೆಯೋ ಅವರ ಮನೆಗೆ ಹೋಗುತ್ತದೆ. ಪಟಾನ್‌ಚೆರುವಿನ ಆ ಗಲ್ಲಿಯಲ್ಲಿ ಮಾನ್ವಿ, ಸಿಂಧನೂರು, ದೇವದುರ್ಗದ ಕಡೆಯಿಂದ ಈ ತೆಲುಗು ಸೀಮೆಯ ಕಾರ್ಖಾನೆಗಳಲ್ಲಿ ದುಡಿಯಲು ಬಂದ ನಲವತ್ತು ಮನೆಗಳಿವೆ. ತಣ್ಣಗಿನ ಒಲೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಸೋಮವಾರ ಒಬ್ಬರ ಹೆಸರು, ಮಂಗಳವಾರ ಇನ್ನೊಬ್ಬರದು. ಹೆಸರುಗಳು ಬದಲಾಗುತ್ತಿರುತ್ತವೆ. ಶುಕ್ರವಾರದ ಹೆಸರು ಮಾತ್ರ ಒಂಬತ್ತು ವರ್ಷಗಳಿಂದ ಬದಲಾಗಿಲ್ಲ. ಶುಕ್ರವಾರ ಅವಳು ಹಿಡಿ ಎತ್ತುತ್ತಾಳೆ, ‘ಅಮರೇಶಪ್ಪ’ ಎನ್ನುತ್ತಾಳೆ. ಅಷ್ಟು ಹೇಳುವುದರಲ್ಲಿ ಮುಷ್ಟಿ ತಾನಾಗಿ ಸಡಿಲಗೊಂಡು ಅಕ್ಕಿ ಬಂದಲ್ಲಿಗೇ ಬೀಳುತ್ತದೆ. ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ದೇವರು. ಇನ್ನೊಬ್ಬಳು ರೇಣುಕಾ.

ಅಮರೇಶಪ್ಪ ಗುತ್ತೇದಾರ. ಗದಿಗೆಮ್ಮನನ್ನೂ ಅವಳ ಗಂಡ ದ್ಯಾವಪ್ಪನನ್ನೂ ಊರಿನಿಂದ ಕರೆತಂದು ಡ್ರಮ್ಮು ತೊಳೆಯುವ ಅಂಗಳಕ್ಕೆ ಹಚ್ಚಿದವನು ಅವನೇ. ಔಷಧ ಕಂಪನಿಗಳಿಂದ ಖಾಲಿಯಾಗಿ ಬರುವ ನೀಲಿ ಡ್ರಮ್ಮುಗಳನ್ನು ತೊಳೆದು, ಒಣಗಿಸಿ, ಮತ್ತೆ ಮಾರುವ ಅಂಗಳ ಅದು. ಹದಿನಾಲ್ಕು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಒಂದು ಡ್ರಮ್ಮಿನ ತಳದಲ್ಲಿ ಉಳಿದಿದ್ದ ಏನೋ ಒಂದಕ್ಕೆ ನೀರು ತಾಗಿ ಹೊಗೆ ಎದ್ದಿತು. ದ್ಯಾವಪ್ಪ ಅದರ ಬಾಯಿಗೆ ಬಗ್ಗಿಕೊಂಡಿದ್ದ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು.

ಮೂರನೆಯ ದಿನ ಅಮರೇಶಪ್ಪ ಒಂದು ಕಾಗದ ಹಿಡಿದುಕೊಂಡು ಬಂದ. “ಪರಿಹಾರದ ಕಾಗದ ಐತಿ ತಂಗಿ. ಇಲ್ಲಿ ಹೆಬ್ಬಟ್ಟು ಒತ್ತು,” ಎಂದ. ಊರಿನವನು. ತಂಗಿ ಎಂದು ಕರೆದವನು. ಅವಳು ಒತ್ತಿದಳು. ನಾಲ್ಕು ತಿಂಗಳ ಮೇಲೆ ಕಾರ್ಮಿಕರ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಓದಿ ಹೇಳಿದರು. ಅಂದು ದ್ಯಾವಪ್ಪನಿಗೆ ರಜೆ ಇತ್ತು, ಯಾರೂ ಕರೆಯದೆ ತಾನಾಗಿ ಅಂಗಳಕ್ಕೆ ಬಂದಿದ್ದ ಎಂದು ಅವನ ಹೆಂಡತಿಯೇ ಅದರಲ್ಲಿ ಹೇಳಿದ್ದಳು. ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು ಸ್ಪಷ್ಟವಾಗಿ, ಒಂದು ಗೆರೆಯೂ ಅಳಿಯದೆ ಮೂಡಿತ್ತು. ಆಮೇಲೆ ಅಮರೇಶಪ್ಪ ಶಂಶಾಬಾದಿನ ಕಡೆ ಹೋದ. ವಿಮಾನ ನಿಲ್ದಾಣದ ಸುತ್ತ ಏಳುತ್ತಿರುವ ಮನೆಗಳಿಗೆ ಆಳುಗಳನ್ನು ಒದಗಿಸಿ ದೊಡ್ಡವನಾದ ಎಂದು ಜನ ಹೇಳುತ್ತಾರೆ.

ದ್ಯಾವಪ್ಪ ಸತ್ತ ಆ ಮೊದಲ ದಿನಗಳಲ್ಲಿ ದುಃಖದ ಮನೆಗೆ ಬಂದವರೆಲ್ಲ ಮಾತು ತಂದಿದ್ದರು. ಗುರುಬಾಯಿ ಎಂಬ ಮುದುಕಿ ಮಾತ್ರ ಏನೂ ಹೇಳದೆ ಮೂಲೆಯಲ್ಲಿದ್ದ ಎಂಜಲು ಪಾತ್ರೆಗಳ ಮುಂದೆ ಕುಳಿತಳು. ಒಂಬತ್ತು ದಿನ ಬಂದಳು, ತಿಕ್ಕಿದಳು, ಗಂಜಿ ಕಾಯಿಸಿದಳು, ಹೋದಳು. ಹತ್ತನೆಯ ದಿನ ಗದಿಗೆಮ್ಮನೇ ಕೇಳಿದಳು, “ಆಯಿ, ನೀ ಯಾರ ಪೈಕಿ?”

“ಕ್ರಿಸ್ತನ ಪೈಕಿ,” ಎಂದಳು ಗುರುಬಾಯಿ. “ಮೊದಲು ಎದ್ದು ತಲಿ ಬಾಚ್ಕೊ. ಆಮ್ಯಾಲ ಹೇಳ್ತೀನಿ.”

ಹೀಗೆ ಶುರುವಾಯಿತು. ಗುರುಬಾಯಿಗೆ ಬೆರಳಿಟ್ಟುಕೊಂಡು ನಿಧಾನವಾಗಿ ಓದಲು ಬರುತ್ತಿತ್ತು. ಗದಿಗೆಮ್ಮನಿಗೆ ಅಷ್ಟೂ ಬರುತ್ತಿರಲಿಲ್ಲ. ಮುದುಕಿ ಬೈಬಲಿನ ಒಂದು ವಾಕ್ಯ ಹೇಳುವಳು, ಇವಳು ಬಾಯಿಪಾಠ ಮಾಡುವಳು. “ಬಂತು ಆಯಿ, ಮುಂದಿಂದು ಹೇಳು,” ಎಂದರೆ ಗುರುಬಾಯಿ ಪುಸ್ತಕ ಮುಚ್ಚುವಳು. “ಬಾಯಿಗಿ ಬಂತು. ಇನ್ನ ಕೈಗಿ ಬರ್ಲಿ. ಕೈಗಿ ಬಂದಮ್ಯಾಲ ಮುಂದಿಂದು.” ಹಸಿದವರಿಗೆ ಉಣಿಸಬೇಕೆಂಬ ವಾಕ್ಯ ಕೈಗೆ ಬರಲು ಐದು ತಿಂಗಳು ಹಿಡಿಯಿತು. ಸಣ್ಣ ಡಬ್ಬಿ ಬಂದದ್ದು ಆಗಲೇ. ಆಡಿದ ಮಾತು ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಎಂದಿರಬೇಕೆಂಬ ವಾಕ್ಯಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ನಾಲ್ಕು ವರ್ಷಗಳಾದ ಮೇಲೆ ದೀಕ್ಷಾಸ್ನಾನ. ಅಂದು ಪಕ್ಕದಲ್ಲಿ ಸಾಕ್ಷಿಯಾಗಿ ನಿಂತು, ಹೆಗಲ ಮೇಲೆ ಕೈಯಿಟ್ಟವಳು ಗುರುಬಾಯಿ. ಸಾಯುವ ಮುಂಚೆ ಅವಳು ಕೊಟ್ಟ ಕೊನೆಯ ವಾಕ್ಯ, ಕೇಡು ಮಾಡಿದವನನ್ನು ಪ್ರೀತಿಸಬೇಕೆಂಬುದು. ಅದು ಬಾಯಿಗೆ ಬಂದು ಒಂಬತ್ತು ವರ್ಷಗಳಾದವು.

ಗುರುಬಾಯಿ ಹೋದ ಮೇಲೆ ಗಲ್ಲಿಯ ಹೆಂಗಸರು ತಾವಾಗಿ ಗದಿಗೆಮ್ಮನ ಬಳಿ ಬರತೊಡಗಿದರು. ಯಾರೂ ಅವಳನ್ನು ನೇಮಿಸಲಿಲ್ಲ. ಯಾರಿಗೂ ಅವಳು ಪಾಠ ಎಂದು ಹೇಳಲಿಲ್ಲ. ರೊಟ್ಟಿ ಬಡಿಯುತ್ತ, ನೀರಿನ ಟ್ಯಾಂಕರಿಗೆ ಕಾಯುತ್ತ, ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತ ಒಂದೊಂದೇ ವಾಕ್ಯ ದಾಟಿಸಿದಳು. ಎಂಟು ಜನ ಹೆಂಗಸರು ಅವಳ ಕೈಯಿಂದ ದೀಕ್ಷಾಸ್ನಾನದವರೆಗೆ ನಡೆದು ಬಂದರು. ಒಂಬತ್ತನೆಯವಳು ರೇಣುಕಾ.

ರೇಣುಕಾ ಸಿಂಧನೂರಿನ ಕಡೆಯ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಮಾತ್ರೆ ಪ್ಯಾಕಿಂಗಿನ ಕಂಪನಿಯಲ್ಲಿ ಕೆಲಸ. ಎರಡು ವರ್ಷಗಳಲ್ಲಿ ಅವಳಿಗೆ ಕೈವಶವಾದದ್ದು ಏಳು ವಾಕ್ಯ. ಹೌದು ಎಂದರೆ ಹೌದು ಎಂಬ ವಾಕ್ಯದ ಸರದಿ ಬಂದಾಗ ಒಂದು ಘಟನೆ ನಡೆಯಿತು. ಯಂತ್ರ ತೊಳೆಯದೆಯೇ ‘ತೊಳೆದಿದೆ’ ಎಂಬ ಚೀಟಿಗೆ ಗುರುತು ಹಾಕು ಎಂದ ಸೂಪರ್‌ವೈಸರ್. ಅವಳು ಹಾಕಲಿಲ್ಲ. ನಾಲ್ಕು ದಿನ ಗೇಟಿನ ಹೊರಗೆ ನಿಲ್ಲಿಸಿದ. ಐದನೆಯ ದಿನ ಒಳಗೆ ಬಿಟ್ಟರು. ಅಂದು ಸಂಜೆ ಬಂದವಳೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು, “ದೊಡ್ಡವ್ವಾ, ಕೈಗಿ ಬಂತು ನೋಡು,” ಎಂದಳು. ಗದಿಗೆಮ್ಮ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬರುವ ಈಸ್ಟರ್ ಹಬ್ಬಕ್ಕೆ ಅವಳ ದೀಕ್ಷಾಸ್ನಾನ, ಪಕ್ಕದಲ್ಲಿ ದೊಡ್ಡವ್ವ ಎಂದು ಅವತ್ತೇ ನಿಶ್ಚಯವಾಯಿತು.

ಅಷ್ಟರಲ್ಲಿ ಹೊಸ ಸಭಾಪಾಲಕರು ಬಂದರು.

ಗಲ್ಲಿಯ ಕ್ರೈಸ್ತರ ಸಭೆ ನಡೆಯುವುದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕನ್ನಡದವರು, ಆಮೇಲೆ ತೆಲುಗಿನವರು. ಹೊಸದಾಗಿ ಬಂದ ಸಮರ್ಥ್ ಅಯ್ಯನವರು ಮೂವತ್ತರ ಪ್ರಾಯದವರು, ದೊಡ್ಡ ಕಾಲೇಜಿನಲ್ಲಿ ಕ್ರೈಸ್ತ ವೇದಶಾಸ್ತ್ರ ಕಲಿತವರು. ಹೃದಯದಲ್ಲಿ ಕೇಡಿಲ್ಲ. ಆದರೆ ಅವರ ಕೈಯಲ್ಲಿ ಒಂದು ಪುಸ್ತಕವಿತ್ತು: ಶಿಷ್ಯತ್ವ ತರಬೇತಿ, ಹನ್ನೆರಡು ವಾರ, ಹನ್ನೆರಡು ಪಾಠ. ಪ್ರತಿ ಪಾಠದ ಕೊನೆಗೆ ಬಿಟ್ಟ ಸ್ಥಳಗಳು, ತುಂಬಿ ಸಹಿ ಹಾಕಬೇಕು. ಮುಗಿಸಿದವರಿಗೆ ಪ್ರಮಾಣಪತ್ರ. ಅದು ಇದ್ದವರು ಮಾತ್ರ ಇನ್ನು ಮುಂದೆ ಬೇರೆಯವರಿಗೆ ಕಲಿಸಬಹುದು, ದೀಕ್ಷಾಸ್ನಾನದಲ್ಲಿ ಸಾಕ್ಷಿಯಾಗಿ ನಿಲ್ಲಬಹುದು.

“ಗದಿಗೆಮ್ಮನವರೇ, ನೀವು ಎಷ್ಟು ಜನಕ್ಕೆ ಕಲಿಸಿದ್ದೀರಿ?” ಎಂದು ಅವರು ಕೇಳಿದರು.

“ಎಂಟು ಮಂದಿ ಮುಗಿಸ್ಯಾರ್ರಿ. ಒಂಬತ್ತನೇಕಿ ಈಕಿ.”

“ರೇಣುಕಾ ಎಲ್ಲಿಗೆ ಬಂದಿದ್ದಾರೆ?”

“ಏಳು ವಾಕ್ಯ ಆಗ್ಯಾವ್ರಿ.”

“ಏಳು ಅಧ್ಯಾಯ?”

“ಅಧ್ಯಾಯ ಅಲ್ರಿ, ವಾಕ್ಯ.”

ಸಮರ್ಥ್ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮಾತಿಗೆ ದೊಡ್ಡವರು ನಗುವ ನಗೆ. “ಎರಡು ವರ್ಷಕ್ಕೆ ಏಳು ವಾಕ್ಯವಾದರೆ ಎಲ್ಲ ಮುಗಿಸುವುದು ಯಾವಾಗ ಅಮ್ಮಾ?”

“ಮುಗಿಸೂದು ಅಂದ್ರ ಏನ್ರಿ ಅಯ್ನೋರ?” ಎಂದಳು ಗದಿಗೆಮ್ಮ. ಅವಳಿಗೆ ಆ ಮಾತು ನಿಜವಾಗಿಯೂ ಅರ್ಥವಾಗಿರಲಿಲ್ಲ.

ಆದರೂ ತರಬೇತಿಗೆ ಕುಳಿತಳು. ರೇಣುಕಾಳ ಪಕ್ಕ ನಿಲ್ಲಬೇಕಲ್ಲ. ವಾರವಿಡೀ ಡ್ರಮ್ಮು ತೊಳೆದು ಹಪ್ಪಳದ ಹಾಗೆ ಬಿರಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಶನಿವಾರ ಸಂಜೆ ಐದಕ್ಕೆ ಹೆಂಗಸರ ನಡುವೆ ಚಾಪೆಯ ಮೇಲೆ ಕೂರುತ್ತಿದ್ದಳು. ಮೊದಲ ದಿನ ಗೋಡೆಯ ಮೇಲೆ ಬೆಳಕಿನ ಚಿತ್ರ ಬಿತ್ತು. ಹನ್ನೆರಡು ಮೆಟ್ಟಿಲಿನ ಏಣಿ. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿದ ಒಬ್ಬ ಮನುಷ್ಯ ಹತ್ತುತ್ತಿದ್ದಾನೆ.

“ಈ ಮನಷ್ಯಾ ಏಣಿ ಹತ್ತಿ ಎಲ್ಲಿಗಿ ಹೊಂಟಾನ್ರಿ?” ಎಂದು ಗದಿಗೆಮ್ಮ ಕೇಳಿದಳು. “ನಮ್ಮ ಸ್ವಾಮಿ ಕೆಳಗ ಇಳದು ಬಂದಾನಲ್ಲ, ಇವನಿಗಿ ದಾರ್‍ಯಾಗ ಸಿಗಂಗಿಲ್ಲೇನು?”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಮರ್ಥ್ ಮುಂದಿನ ಚಿತ್ರಕ್ಕೆ ಹೋದರು.

ಓದಲು ಬಾರದವರ ಉತ್ತರಗಳನ್ನು ಬರೆಯುವ ಕೆಲಸ ಮಹೇಶಕುಮಾರನದಾಗಿತ್ತು. ಬೇಗಂಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಗಲ್ಲಿಯ ಪ್ರತಿಯೊಂದು ಅರ್ಜಿ ತುಂಬುವವನು ಅವನೇ. ರೇಷನ್ ಕಾರ್ಡು, ಆಧಾರ್, ಪಿಂಚಣಿ, ಶಾಲೆಯ ದಾಖಲಾತಿ ಎಲ್ಲವೂ. ಒಂದು ಪೈಸೆ ತೆಗೆದುಕೊಳ್ಳುವವನಲ್ಲ. ಅವನಿಗೆ ಒಂದೇ ಒಂದು ಮಂತ್ರ: ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುತ್ತದೆ. ಹುಟ್ಟಿದ ತಾರೀಖು ಗೊತ್ತಿಲ್ಲ ಎಂದವರಿಗೆಲ್ಲ ಜೂನ್ ಒಂದು ಎಂದು ಬರೆದ. ಆ ಗಲ್ಲಿಯ ಮುಕ್ಕಾಲು ಜನ ಸರಕಾರದ ಕಣ್ಣಿನಲ್ಲಿ ಒಂದೇ ದಿನ ಹುಟ್ಟಿದವರು. ಅಂಥ ಬರವಣಿಗೆಯಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ. ಎಷ್ಟೋ ಮನೆಯ ಒಲೆಗಳು ಅದರಿಂದಲೇ ಉರಿದಿದ್ದವು.

ಏಳನೆಯ ಪಾಠ ಕ್ಷಮೆಯದು. ಕೊನೆಗೆ ಒಂದು ಪ್ರಶ್ನೆ: ನಿಮಗೆ ಕೇಡು ಮಾಡಿದ ಯಾರನ್ನು ಕ್ಷಮಿಸಿದ್ದೀರಿ? ಹೆಸರು, ತಾರೀಖು ಬರೆಯಿರಿ. ಹತ್ತು ನಿಮಿಷ ಕೊಟ್ಟಿದ್ದರು. ಪೆನ್ನುಗಳು ಸರಸರ ಓಡಿದವು. ಅತ್ತೆಯನ್ನು ಒಬ್ಬಳು ಕ್ಷಮಿಸಿದಳು, ಮೈದುನನನ್ನು ಇನ್ನೊಬ್ಬಳು. ಮಹೇಶಕುಮಾರ ಗದಿಗೆಮ್ಮನ ಪಕ್ಕ ಬಂದು ಕುಳಿತ.

“ಹೇಳ್ರಿ ಅಕ್ಕಾ, ಯಾರ ಹೆಸರು ಬರೀಲಿ?”

“ಅಮರೇಶಪ್ಪ.”

“ಗುತ್ತೇದಾರ? ಕ್ಷಮಿಸೀರಿ?”

“ಇಲ್ಲ.”

“ಮತ್ತ?”

“ಆ ವಾಕ್ಯ ಇನ್ನಾ ಒಲಿ ಮ್ಯಾಲ ಐತಿ ಮಹೇಶಪ್ಪಾ. ಬೆಂದಿಲ್ಲ. ಖಾಲಿ ಬಿಡು.”

ಅವನು ಪೆನ್ನಿನ ತುದಿಯಿಂದ ಖಾಲಿ ಸಾಲನ್ನು ಒಮ್ಮೆ ತಟ್ಟಿದ. ಆಮೇಲೆ, “ಆತ್ರಿ, ಕೆಳಗ ಹೆಬ್ಬಟ್ಟು ಒತ್ರಿ,” ಎಂದು ಪುಟ ತೋರಿಸಿದ. ಖಾಲಿ ಸಾಲನ್ನು ನೋಡಿಯೇ ಅವಳು ಒತ್ತಿದಳು. ಅಕ್ಷರ ಬಾರದಿದ್ದರೂ ಖಾಲಿ ಯಾವುದು, ತುಂಬಿದ್ದು ಯಾವುದು ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಅಷ್ಟನ್ನು ಅಮರೇಶಪ್ಪ ಅವಳಿಗೆ ಕಲಿಸಿದ್ದ.

ಪಾಠಗಳು ಮುಗಿದವು. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರ ಪ್ರಮಾಣಪತ್ರ ಕೊಡುವ ಕಾರ್ಯಕ್ರಮ. ಬೇಗಂಪೇಟೆಯಿಂದ ಹಿರಿಯರೊಬ್ಬರು ಬಂದಿದ್ದರು. ಹಾಲಿನಲ್ಲಿ ಈಚಲು ಗರಿಗಳ ಹಸಿ ವಾಸನೆ. ಪ್ರಮಾಣಪತ್ರಗಳಿಗೆ ಚಿನ್ನದ ಬಣ್ಣದ ಅಂಚು. ಕೊಡುವ ಮೊದಲು ಸಮರ್ಥ್ ಅಯ್ಯನವರು, ಮನಮುಟ್ಟಿದ ಕೆಲವು ಉತ್ತರಗಳನ್ನು ಓದುತ್ತೇನೆ ಎಂದರು. ಮೂರನೆಯದನ್ನು ಓದುವಾಗ ಅವರ ದನಿ ಒದ್ದೆಯಾಗಿತ್ತು.

“ನನ್ನ ಗಂಡನ ಸಾವಿಗೆ ಕಾರಣರಾದ ಅಮರೇಶಪ್ಪ ಎಂಬುವರನ್ನು ಪೂರ್ಣ ಮನಸ್ಸಿನಿಂದ ಕ್ಷಮಿಸಿದ್ದೇನೆ. ಈಗ ನನ್ನ ಹೃದಯದಲ್ಲಿ ಅವರ ಮೇಲೆ ಪ್ರೀತಿ ಮಾತ್ರ ಇದೆ. ಗದಿಗೆಮ್ಮ.”

ಜನ ಚಪ್ಪಾಳೆ ತಟ್ಟಿದರು. ಯಾರೋ ‘ದೇವರಿಗೆ ಸ್ತೋತ್ರ’ ಎಂದರು. ಹಿರಿಯರು ಕಣ್ಣು ಒರೆಸಿಕೊಂಡರು.

ಗದಿಗೆಮ್ಮನಿಗೆ ಮೊದಲು ಕಾಲು ತಣ್ಣಗಾದವು. ಆಮೇಲೆ ಕಿವಿ ಬಿಸಿಯಾದವು. ಹದಿನಾಲ್ಕು ವರ್ಷಗಳ ಹಿಂದೆ ಕಾರ್ಮಿಕರ ಕಚೇರಿಯಲ್ಲಿ ನಿಂತಾಗ ಹೀಗೆಯೇ ಆಗಿತ್ತು. ಎದ್ದು ನಿಂತಳು. ಚಪ್ಪಾಳೆ ನಿಲ್ಲುವವರೆಗೆ ಕಾದಳು.

“ಅದು ಸುಳ್ಳೈತ್ರಿ,” ಎಂದಳು. “ನಾ ಅವನ್ನ ಕ್ಷಮಿಸಿಲ್ಲ. ಪ್ರೀತಿನೂ ಇಲ್ಲ. ಆ ಸಾಲು ಖಾಲಿ ಇತ್ತು.”

ಯಾರ ಕೈಯಲ್ಲಿದ್ದ ಗರಿಯೂ ಅಲುಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದ ಮಹೇಶಕುಮಾರ ತಲೆ ತಗ್ಗಿಸಿದ. ಆಗ ಅವಳಿಗೆ ಗೊತ್ತಾಯಿತು, ಅವನ ಕೈ ಖಾಲಿ ಜಾಗವನ್ನು ಸಹಿಸಿಲ್ಲ ಎಂದು. ಎಲ್ಲರಿಗೂ ಜೂನ್ ಒಂದು ಬರೆದ ಕೈ, ಅವಳಿಗೊಂದು ಕ್ಷಮೆ ಬರೆದಿತ್ತು.

ಸಭೆ ಮುಗಿದ ಮೇಲೆ ಸಮರ್ಥ್ ಅವಳನ್ನು ಹಾಲಿನ ಹಿಂದಿನ ಸಣ್ಣ ಕೋಣೆಗೆ ಕರೆದರು. ರೇಣುಕಾ ಬಾಗಿಲಲ್ಲಿ ನಿಂತಳು. ತೆಲುಗಿನವರು ಆಗಲೇ ಮೆಟ್ಟಿಲು ಹತ್ತಿ ಬರುತ್ತಿದ್ದರು.

“ಅಮ್ಮಾ, ಎಲ್ಲರ ಮುಂದೆ ಹೀಗೆ ಹೇಳಬಾರದಿತ್ತು.”

“ಎಲ್ಲಾರ ಮುಂದ ಓದಿದವ್ರು ಯಾರ್ರಿ?”

“ಓದಿದ್ದು ಒಳ್ಳೆಯದನ್ನೇ ಅಲ್ಲವೇ?”

“ಒಳ್ಳೇದು ಹೌದ್ರಿ. ನಂದಲ್ಲ ಅದು.”

ಸಮರ್ಥ್ ತಾಳ್ಮೆಯಿಂದ ಹೇಳಿದರು, “ಕ್ಷಮೆ ನಂಬಿಕೆಯ ಮಾತು. ಮೊದಲು ಬಾಯಿಂದ ಅರಿಕೆ ಮಾಡಿದರೆ ಮನಸ್ಸು ಅದರ ಹಿಂದೆ ನಡೆದು ಬರುತ್ತದೆ.”

“ಬಾಯಿಂದ ಎಲ್ಲಿ ಬಂತ್ರಿ? ಮಹೇಶಪ್ಪನ ಪೆನ್ನಿಂದ ಬಂದೈತಿ.” ಅವಳ ದನಿ ಏರಲಿಲ್ಲ. “ನನ್ನ ಗಂಡ ಸತ್ತ ಮೂರನೇ ದಿನಕ್ಕ ಒಂದು ಕಾಗದ ಬಂತ್ರಿ. ಅವ ಅವತ್ತು ಕೆಲಸಕ್ಕ ಬಂದಿರ್ಲಿಲ್ಲ ಅಂತ ಅದರಾಗ ಇತ್ತು. ಹೆಬ್ಬಟ್ಟು ನಂದು, ಮಾತು ಅವಂದು. ಈಗ ನೀವೊಂದು ಕಾಗದ ತಂದೀರಿ. ಅಂಥಾವನ್ನ ಕ್ಷಮಿಸೀನಿ ಅಂತ ಇದರಾಗ ಐತಿ. ಹೆಬ್ಬಟ್ಟು ನಂದು, ಮಾತು ನಿಮ್ದು. ಎರಡಕ್ಕೂ ಏನು ಫರಕ್ ಐತಿ, ಹೇಳ್ರಿ.”

“ಫರಕ್ ಇದೆ ಅಮ್ಮಾ. ಅವನದು ಮೋಸ. ಇದು...” ಸಮರ್ಥ್ ಏಳನೆಯ ಪಾಠದ ಪುಟ ತಿರುವಿದರು.

“ಒಂಬತ್ತು ವರ್ಷ ಆತ್ರಿ, ಶುಕ್ರವಾರಕ್ಕೊಮ್ಮೆ ಅವನ ಹೆಸರು ಹೇಳಾಕತ್ತೀನಿ. ಮುಷ್ಟಿ ನಿಲ್ಲಂಗಿಲ್ಲ. ಆ ದೇವ್ರು ಕೂಡ ನನಗ ‘ಲಗೂ ಮಾಡು’ ಅಂದಿಲ್ಲ. ನೀವು ಹತ್ತು ನಿಮಿಷದಾಗ ಮುಗಿಸಿಬಿಟ್ರಿ. ಹೊಡದು ಹಾಕ್ರಿ ಆ ಸಾಲು.”

“ಹೊಡೆದು ಹಾಕಿದರೆ ಏಳನೆಯ ಪಾಠ ಅಪೂರ್ಣ. ಪ್ರಮಾಣಪತ್ರ ಕೊಡಲು ಬರುವುದಿಲ್ಲ. ರೇಣುಕಾ ಪಕ್ಕದಲ್ಲಿ ನೀವು ನಿಲ್ಲಲೂ ಆಗುವುದಿಲ್ಲ. ಇದು ನಾನು ಮಾಡಿದ ನಿಯಮ ಅಲ್ಲ, ಮೇಲಿನ ಸಮಿತಿಯದು.” ಅವರು ಸ್ವಲ್ಪ ಬಾಗಿದರು. “ಇರಲಿ ಬಿಡಿ ಅಮ್ಮಾ ಆ ಸಾಲು. ಒಂದು ದಿನ ನಿಜವಾಗಿಯೇ ಆಗುತ್ತದೆ.”

“ಆದ ದಿನ ಬರೀರಿ.”

ಸಮರ್ಥ್ ಕೆಂಪು ಪೆನ್ನಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. ಚಿನ್ನದ ಅಂಚಿನ ಹಾಳೆಯನ್ನು ಕಡತದೊಳಗೆ ಮತ್ತೆ ಇಟ್ಟರು. ರೇಣುಕಾಳ ಪಕ್ಕದಲ್ಲಿ, ಪ್ರಮಾಣಪತ್ರ ಪಡೆದ ಮಹೇಶಕುಮಾರ ನಿಲ್ಲಲಿ ಎಂದರು.

ದಾರಿಯಲ್ಲಿ ರೇಣುಕಾ ಅಳುತ್ತ, “ನಾ ಮುಂದಿನ ವರ್ಷ ಮಾಡಿಸ್ಕೊಂತೀನಿ ದೊಡ್ಡವ್ವಾ. ನೀ ಇಲ್ದ ಒಲ್ಲೆ,” ಎಂದಳು. ಗದಿಗೆಮ್ಮನ ಸಿಟ್ಟು ಅವಳ ಮೇಲೂ ತಿರುಗಿತು.

“ನನ್ನ ಸಲುವಾಗಿ ಕ್ರಿಸ್ತನ್ನ ನಿಲ್ಲಸ್ತೀಯೇನು? ಅವ ಏನು ಆಟೋದವ್ನಾ, ಇನ್ನೊಬ್ರು ಬರೂತನಕ ಕಾಯಾಕ? ಸುಮ್ನ ನಡಿ.”

ಮರುದಿನ ಸಂಜೆ ಮಹೇಶಕುಮಾರ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಕುಳಿತ. ಗದಿಗೆಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

“ಖಾಲಿ ಇದ್ರ ವಾಪಸ್ ಬರ್ತೈತಿ ಅಂತ ತುಂಬಿದೆ ಅಕ್ಕಾ. ನೀವು ರೇಣುಕಾನ ಬಾಜೂಕ ನಿಲ್ಲಬೇಕು ಅಂತ. ನಿಮ್ಮ ಒಳ್ಳೇದಕ್ಕ ಮಾಡಿದ್ದೆ.”

“ಗೊತ್ತೈತಿ. ಅದಕ್ಕ ಸಿಟ್ಟು ಭಾಳ ಬಂದೈತಿ. ಕೆಟ್ಟವ ಮಾಡಿದ್ರ ಇಷ್ಟು ಬರ್ತಿರ್ಲಿಲ್ಲ.”

“ಬೈರಿ.”

“ಬೈದ್ರ ನಿನಗ ಹಗುರ ಆಗ್ತೈತಿ. ಬೈಯಂಗಿಲ್ಲ. ಪೆನ್ನು ತಂದೀಯಿಲ್ಲೋ?”

ಪೆನ್ನು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತದೆ.

“ನಾ ಹೇಳಿದ್ದು ಬರಿ. ನೀ ಚೆಂದ ಮಾಡಬ್ಯಾಡ.”

ಅವಳು ಹೇಳಿದಳು, ಅವನು ಬರೆದ. ಅಮರೇಶಪ್ಪ ನನಗೆ ಮೋಸ ಮಾಡಿದ. ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ. ಪ್ರತಿ ಶುಕ್ರವಾರ ಪ್ರಯತ್ನ ಮಾಡುತ್ತೇನೆ. ಆಗುವುದಿಲ್ಲ. ಮತ್ತೆ ಮುಂದಿನ ಶುಕ್ರವಾರ ಮಾಡುತ್ತೇನೆ. ಇಷ್ಟೇ ನನಗೆ ಬರುವುದು. ಅವಳು ಅದನ್ನು ಎರಡು ಸಲ ಓದಿಸಿದಳು. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡು ಅವಳು ಕಾಗದಕ್ಕೆ ಒತ್ತಿದಳು. ಅವಳ ಆಯುಷ್ಯದಲ್ಲಿ ಮಾತೂ ಹೆಬ್ಬೆಟ್ಟೂ ಎರಡೂ ಅವಳದ್ದೇ ಆದ ಮೊದಲ ಕಾಗದ ಅದು.

ಮಹೇಶಕುಮಾರ ಒಯ್ದು ಕೊಟ್ಟಾಗ ಸಮರ್ಥ್ ಅದನ್ನು ಓದಿ, ಇದಕ್ಕೆ ಪುಸ್ತಕದಲ್ಲಿ ಜಾಗವಿಲ್ಲ ಎಂದರಂತೆ.

ಈಸ್ಟರ್ ಬೆಳಿಗ್ಗೆ ಹಾಲು ತುಂಬಿತ್ತು. ಗದಿಗೆಮ್ಮ ಮೂರನೆಯ ಸಾಲಿನ ಚಾಪೆಯ ಮೇಲೆ ಕುಳಿತಳು. ಮುಂದೆ ಮೇಜಿನ ಮೇಲೆ ಸ್ಟೀಲಿನ ಬೋಗುಣಿಯಲ್ಲಿ ನೀರು. ಬಿಳಿ ಸೀರೆಯುಟ್ಟ ರೇಣುಕಾ ಮೊಣಕಾಲೂರಿದಳು. ಪಕ್ಕದಲ್ಲಿ ಮಹೇಶಕುಮಾರ, ಇಸ್ತ್ರಿ ಅಂಗಿಯಲ್ಲಿ, ಶಿಕ್ಷೆಗೆ ನಿಲ್ಲಿಸಿದವನ ಹಾಗೆ.

ಸಮರ್ಥ್ ಅಯ್ಯನವರು ಪ್ರಶ್ನೆಗಳನ್ನು ಕೇಳಿದರು. ರೇಣುಕಾ ಒಂದೊಂದಕ್ಕೆ ಹೌದ್ರಿ ಎಂದಳು. ಆ ವರ್ಷ ತರಬೇತಿಯ ಪುಸ್ತಕದಿಂದ ಒಂದು ಪ್ರಶ್ನೆ ಹೊಸದಾಗಿ ಸೇರಿತ್ತು.

“ನಿನಗೆ ಕೇಡು ಮಾಡಿದವರನ್ನೆಲ್ಲ ಕ್ಷಮಿಸಿದ್ದೀಯಾ?”

ಎಲ್ಲರೂ ಹೌದು ಎನ್ನುವ ಪ್ರಶ್ನೆ. ರೇಣುಕಾ ತಲೆ ಎತ್ತಿದಳು. ಗೇಟಿನ ಹೊರಗೆ ನಾಲ್ಕು ದಿನ ನಿಂತ ಹುಡುಗಿ ಅವಳು.

“ಎಲ್ಲಾರನ್ನೂ ಇಲ್ರಿ,” ಎಂದಳು. “ಕೆಲವರನ್ನ. ಉಳದವರ ಹೆಸರು ಅಕ್ಕಿ ಹಿಡಿಯೊಳಗ ಐತ್ರಿ. ಕಲಿಯಾಕತ್ತೀನಿ.”

ಬೋಗುಣಿಯ ಕಡೆ ಹೋದ ಸಮರ್ಥ್ ಅವರ ಕೈ ನೀರಿನಲ್ಲೇ ನಿಂತಿತು. ಅವರು ಪುಸ್ತಕ ನೋಡಿದರು. ಇಲ್ಲ ಎಂದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ.

ಆಗ ಮಹೇಶಕುಮಾರ ರೇಣುಕಾಳ ಪಕ್ಕದಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಗೆ ನಿಂತ. ಜೀವಮಾನದಲ್ಲಿ ಮೊದಲ ಸಲ ಅವನು ಒಂದು ಜಾಗವನ್ನು ಖಾಲಿ ಬಿಟ್ಟಿದ್ದ.

ಹಾಲಿನಲ್ಲಿದ್ದವರೆಲ್ಲ ಮೂರನೆಯ ಚಾಪೆಯ ಕಡೆ ತಿರುಗಿದರು. ಸಮರ್ಥ್ ಕೂಡ ನೋಡಿದರು. ಒಂದು ಮಾತು, ಬನ್ನಿ ಎಂಬ ಒಂದೇ ಮಾತು ಸಾಕಿತ್ತು. ಗದಿಗೆಮ್ಮನ ಎರಡು ಅಂಗೈಗಳೂ ಆಗಲೇ ನೆಲಕ್ಕೆ ಊರಿದ್ದವು, ಏಳಲು. ಕೆಳಗಿನಿಂದ ತೆಲುಗಿನವರ ಚಪ್ಪಲಿಗಳ ಸದ್ದು ಕೇಳುತ್ತಿತ್ತು. ಸಮರ್ಥ್ ಅವರ ತುಟಿ ಅಲುಗಿತು. ಆಮೇಲೆ ಅವರು ಕಣ್ಣು ತಗ್ಗಿಸಿ, ಬೊಗಸೆ ನೀರೆತ್ತಿ ರೇಣುಕಾಳ ತಲೆಯ ಮೇಲೆ ಸುರಿದರು. ಒಂದು ಸಲ, ಎರಡು ಸಲ, ಮೂರು ಸಲ. ಖಾಲಿ ಜಾಗದ ಮೇಲೂ ನಾಲ್ಕು ಹನಿ ಸಿಡಿದವು.

ಅವಳು ಅಂಗೈಗಳನ್ನು ನೆಲದಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳಿಗೆ ಸಂತೋಷವಾಗಿತ್ತು. ಅದರ ಬೆನ್ನಿಗೇ ಸಿಟ್ಟೂ ಬಂದು ನಿಂತಿತ್ತು. ಇಲ್ಲ ಎನ್ನಲು ಕಲಿಸಿದ ಕೈಗೆ ಆ ಹುಡುಗಿಯ ಒದ್ದೆ ಹೆಗಲನ್ನು ಮುಟ್ಟುವ ಅನುಮತಿ ಇರಲಿಲ್ಲ. ಅನುಮತಿ ಇದ್ದ ಕೈ ತಾನಾಗಿ ಹಿಂದೆ ಸರಿದಿತ್ತು. ನಡುವೆ ನಿಂತವರ ಹತ್ತಿರ ಒಂದು ನಿಯಮವಿತ್ತು.

ಸಭೆ ಮುಗಿಯುತ್ತಲೇ ರೇಣುಕಾ ನೀರು ತೊಟ್ಟಿಕ್ಕುವ ಕೂದಲಿನಲ್ಲೇ ಮೂರನೆಯ ಚಾಪೆಗೆ ಬಂದಳು. ದೊಡ್ಡವ್ವನ ಬಿರಿದ ಕೈಯನ್ನು ಎತ್ತಿ ತನ್ನ ಹೆಗಲ ಮೇಲೆ ಇಟ್ಟುಕೊಂಡಳು. “ಈಗಾರ ಇಡು,” ಎಂದಳು. “ಥಂಡಿ ಹತ್ತೈತಿ, ತಲಿ ಒರಸ್ಕೊ ಮೊದಲು,” ಎಂದಳು ಗದಿಗೆಮ್ಮ, ಸೆರಗು ಬಿಚ್ಚುತ್ತ.

ಆ ವಾರ ಮಂಗಳವಾರ ಇಬ್ಬರು ಹೊಸ ಹೆಂಗಸರು ಅವಳ ಒಲೆಯ ಮುಂದೆ ಬಂದು ಕುಳಿತರು. ನಿಮ್ಮ ಹತ್ತಿರ ಕಲಿಯಬೇಕು ಎಂದರು. ನನಗೆ ಕಲಿಸುವ ಹಕ್ಕಿಲ್ಲ ಎಂದು ಅವಳು ಹೇಳಿದಳು. “ಹಕ್ಕು ಯಾರು ಕೇಳ್ಯಾರ? ರೊಟ್ಟಿ ಬಡಿಯೂದು ತೋರಸ್ರಿ,” ಎಂದಳು ಅವರಲ್ಲೊಬ್ಬಳು. ಗದಿಗೆಮ್ಮ ಹಿಟ್ಟಿನ ಪರಾತ ಮುಂದೆ ಸರಿಸಿದಳು.

ಶುಕ್ರವಾರ ಬಂತು. ಅವಳು ದೊಡ್ಡ ಡಬ್ಬಿಗೆ ಕೈಹಾಕಿ ಹಿಡಿ ಎತ್ತಿದಳು. ಅಮರೇಶಪ್ಪ ಎಂದಳು. ಎಂದಿನಂತೆ ಮುಷ್ಟಿ ಸಡಿಲಿ ಅಕ್ಕಿ ಸುರುಸುರನೆ ಬಿತ್ತು. ಬೀಳುವುದನ್ನು ನೋಡಿದಳು. ಆಮೇಲೆ, ಇಷ್ಟವಿಲ್ಲದ ಕೆಲಸಕ್ಕೆ ಎದ್ದವಳಂತೆ ಉಸಿರು ಬಿಟ್ಟು, ಇನ್ನೊಂದು ಹಿಡಿ ಎತ್ತಿದಳು.

“ಸಮರ್ಥ್ ಅಯ್ನೋರು,” ಎಂದಳು.

ಮುಷ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಸಣ್ಣ ಡಬ್ಬಿಯವರೆಗೆ ಒಯ್ದಳು. ದಾರಿಯಲ್ಲಿ ಅರ್ಧ ಅಕ್ಕಿ ಬೆರಳ ಸಂದಿಯಿಂದ ಸೋರಿ ನೆಲಕ್ಕೆ ಚೆಲ್ಲಿತು. ಉಳಿದರ್ಧ ಡಬ್ಬಿಯೊಳಗೆ ಬಿತ್ತು. ನೆಲದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅನ್ನದ ಪಾತ್ರೆಗೆ ಹಾಕುತ್ತ ಅವಳು ಗೊಣಗಿದಳು, “ಅರ್ಧ ಬಂದೈತಿ. ಅರ್ಧನ ಬರಕೊಳ್ರಿ.”